ಬಟಾಣಿ ಎಣಿಸಿದ ಗುರುಗಳು

ಗ್ರೆಗೊರ್ ಮೆಂಡೆಲ್ ಗುರುಗಳು ಎರಡು ಬಾರಿ ಶಿಕ್ಷಕರ ಪರೀಕ್ಷೆಗೆ ಹೋಗಿ, ಎರಡು ಬಾರಿಯೂ ತೇರ್ಗಡೆಯಾಗದೆ ಹಿಂದಿರುಗಿದವರು. 1822ರಲ್ಲಿ ರೈತರ ಮನೆಯಲ್ಲಿ ಹುಟ್ಟಿದ ಇವರು 1843ರಲ್ಲಿ, ಇಂದಿನ ಚೆಕ್ ದೇಶದ ಬ್ರ್ನೋ ನಗರದಲ್ಲಿರುವ ಅಗಸ್ಟೀನರ ಸಭೆಯ ಮಠ ಸೇರಿದ್ದರು. ಎರಡನೆಯ ಪರೀಕ್ಷೆ ಕೈತಪ್ಪಿದ 1856ರಲ್ಲೇ ಮಠದ ತೋಟದಲ್ಲಿ ಬಟಾಣಿಯ ಪ್ರಯೋಗ ಮೊದಲಾಯಿತು.

ಕೆಲಸವೇನು ಗೊತ್ತೇ? ಅರಳುವ ಮೊದಲೇ ಮೊಗ್ಗು ಬಿಡಿಸಿ ಚಿಮುಟದಿಂದ ಕೇಸರ ಕೀಳುವುದು, ಬೇರೆ ಗಿಡದ ಪರಾಗ ಸವರುವುದು, ಹೂವಿಗೆ ಚೀಲ ಕಟ್ಟುವುದು. ಕಾಯಿ ಬಲಿತ ಮೇಲೆ ಕಾಳು ಎಣಿಸುವುದು. ಹೀಗೆ ಎಂಟು ವರ್ಷ, ಸುಮಾರು 28,000 ಗಿಡ! ಹಳದಿ ಮತ್ತು ಹಸಿರು ಕಾಳಿನ ತಳಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ಹಳದಿ. ಮಾಯವಾಗಿದ್ದ ಹಸಿರು ಮೊಮ್ಮಕ್ಕಳ ಕಾಲಕ್ಕೆ ಮರಳಿತು: ಹಳದಿ 6,022, ಹಸಿರು 2,001. ಸುಮಾರು ಮೂರಕ್ಕೆ ಒಂದು. ಹತ್ತಿಪ್ಪತ್ತು ಕಾಳಿಗೇ ಬೇಸತ್ತಿದ್ದರೆ ಈ ನಿಯಮ ಕಾಣುತ್ತಲೇ ಇರಲಿಲ್ಲ.

1865ರಲ್ಲಿ ಊರಿನ ವಿಜ್ಞಾನ ಸಂಘದಲ್ಲಿ ಇದನ್ನು ಓದಿದರು. ಮರುವರ್ಷ ಅಚ್ಚೂ ಆಯಿತು. ಹೆಚ್ಚಿನವರು ಗಮನಿಸಲಿಲ್ಲ. 1868ರಲ್ಲಿ ಮಠಾಧಿಪತಿಯಾದರು, 1884ರಲ್ಲಿ ತೀರಿಕೊಂಡರು. 1900ರಲ್ಲಿ ಮೂವರು ವಿಜ್ಞಾನಿಗಳು ತಂತಮ್ಮ ಪ್ರಯೋಗಗಳ ಫಲ ಪ್ರಕಟಿಸಿದಾಗ, ಅದೇ ಉತ್ತರ 34 ವರ್ಷ ಮೊದಲೇ ಅಚ್ಚಾಗಿದ್ದುದು ಲೋಕಕ್ಕೆ ತಿಳಿಯಿತು.