ಮಂಜಿನಲ್ಲಿ ಹೊರಟ ಲಾರೆನ್ಸ್ ಸ್ಪೆರಿ

ಡಿಸೆಂಬರ್‌ನಲ್ಲಿ ಒಂದಿನ ಬೆಳಗ್ಗೆ ಕ್ಯಾಂಪಸ್ ಪೂರ್ತಿ ಮಂಜು. ಡ್ರೋನ್ ಹಾರಿಸಿ ವಿಡಿಯೋ ಮಾಡೋಣ ಅಂತ ನಾವು ಪ್ಲಾನ್ ಹಾಕಿದ್ವಿ. ಡ್ರೋನ್ ತಾನೇ ಬ್ಯಾಲೆನ್ಸ್ ಮಾಡ್ಕೊಳ್ಳುತ್ತಲ್ಲ ಅನ್ನೋ ಧೈರ್ಯ. ಈ ಬ್ಯಾಲೆನ್ಸ್ ಶುರುವಾಗಿದ್ದು ಎಲ್ಲಿಂದ ಅಂತ ಹುಡುಕಿದಾಗ ಸಿಕ್ಕ ಹೆಸರು ಲಾರೆನ್ಸ್ ಸ್ಪೆರಿ.

ಅವರು ಹುಟ್ಟಿದ್ದು 1892ರಲ್ಲಿ, ಅಮೆರಿಕದಲ್ಲಿ. ತಂದೆ ಎಲ್ಮರ್ ಸ್ಪೆರಿ ಹಡಗುಗಳಿಗೆ ಜೈರೋಸ್ಕೋಪ್ ದಿಕ್ಸೂಚಿ ಮಾಡಿದವರು. ಮಗ ಜೈರೋಸ್ಕೋಪನ್ನು ವಿಮಾನಕ್ಕೆ ತಂದರು. 1914ರ ಜೂನ್‌ನಲ್ಲಿ ಪ್ಯಾರಿಸ್ ಹತ್ತಿರ, ಸೀನ್ ನದಿಯ ಮೇಲೆ ಹಾರುತ್ತಾ ಎರಡೂ ಕೈ ಮೇಲೆತ್ತಿ ತೋರಿಸಿದರು. ಮೆಕ್ಯಾನಿಕ್ ರೆಕ್ಕೆ ಮೇಲೆ ನಡೆದರೂ ವಿಮಾನ ವಾಲಲಿಲ್ಲ. ಆಗ ಅವರಿಗೆ 21 ವರ್ಷ, ನಮಗಿಂತ ಎರಡೇ ವರ್ಷ ದೊಡ್ಡವರು! ಆಮೇಲೆ ಮೊದಲ ಮಹಾಯುದ್ಧದ ಕಾಲದಲ್ಲಿ ಪೈಲಟ್ ಇಲ್ಲದ ವಿಮಾನದ ಪ್ರಯೋಗಗಳನ್ನೂ ಮಾಡಿದರು.

1923ರ ಡಿಸೆಂಬರ್ 13ರಂದು ಇಂಗ್ಲೆಂಡಿನಿಂದ ಫ್ರಾನ್ಸ್ ಕಡೆಗೆ ತಮ್ಮ ಪುಟ್ಟ ಮೆಸೆಂಜರ್ ವಿಮಾನದಲ್ಲಿ ಒಬ್ಬರೇ ಹೊರಟರು. ದಾರಿಯಲ್ಲಿ ಸಮುದ್ರ, ಮೇಲೆ ಮಂಜು. ಫ್ರಾನ್ಸ್ ತಲುಪಲೇ ಇಲ್ಲ. ಮುಂದಿನ ತಿಂಗಳು ಶವ ಸಿಕ್ಕಿತು. 31 ತುಂಬೋಕೆ ಕೆಲವೇ ದಿನ ಬಾಕಿ ಇತ್ತು.

ನಮ್ಮ ಡ್ರೋನ್ ಒಳಗಿನ ಚಿಕ್ಕ ಜೈರೋ ಕೂಡ ವಾಲಿದ್ದನ್ನು ಮಾತ್ರ ಹೇಳುತ್ತೆ. ಎದುರಿಗೆ ಮರ ಇದ್ಯಾ, ವೈರ್ ಇದ್ಯಾ ಅದಕ್ಕೆ ಗೊತ್ತಾಗಲ್ಲ. ಮಂಜಲ್ಲಿ ಕ್ಯಾಮೆರಾಕ್ಕೂ ಸರಿಯಾಗಿ ಕಾಣಲ್ಲ, ಮೋಟರ್‌ಗೆ ತೇವ ಬೇರೆ. ಸ್ವಲ್ಪ ದೂರ ಹೋದರೆ ನಮ್ಮ ಕಣ್ಣಿಗೂ ಡ್ರೋನ್ ಕಾಣಲ್ಲ.

ಅವತ್ತು ಡ್ರೋನನ್ನು ಬ್ಯಾಗಲ್ಲೇ ಇಟ್ಟು ಕ್ಯಾಂಟೀನ್‌ನಲ್ಲಿ ಕಾಫಿ ಕುಡಿದ್ವಿ. ಒಂಬತ್ತೂವರೆಗೆ ಬಿಸಿಲು ಬಂತು. ವಿಡಿಯೋದಲ್ಲಿ ಮಂಜಿಲ್ಲ, ಆದರೆ ಡ್ರೋನ್ ಇನ್ನೂ ಇದೆ.