ಮಣ್ಣಿನ ಪದರ ಓದಿದ ವೀಲರ್

ಮಾರ್ಟಿಮರ್ ವೀಲರ್ ಅವರು 1890ರಲ್ಲಿ ಗ್ಲಾಸ್ಗೋದಲ್ಲಿ ಜನಿಸಿದರು. 1944ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾದರು. 1947ರಲ್ಲಿ ನಮ್ಮ ರಾಜ್ಯದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನೆಲ ಅಗೆಸಿದರು.

ಕೆಳಗಿನ ಪದರ ಹಳೇದು, ಮೇಲಿನದು ಹೊಸದು ಅಲ್ವಾ? ಅದಕ್ಕೇ ಅವರು ಒಂದೊಂದು ಪದರಕ್ಕೂ ಚೀಟಿ ಹಾಕಿಸುತ್ತಿದ್ದರು. ಕೆಳಗೆ ಕಲ್ಲಿನ ಕೊಡಲಿ, ನಡುವೆ ಕಬ್ಬಿಣ, ಮೇಲೆ ಗೆರೆ ಕೊರೆದ ಮಡಕೆ ಚೂರು ಸಿಕ್ಕವು. ಅಂಥದೇ ಚೂರು ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ರೋಮ್ ಪಾತ್ರೆಗಳ ಜೊತೆ ಸಿಕ್ಕಿದ್ದವು. ಆ ಪಾತ್ರೆಗಳ ಕಾಲ ಮೊದಲೇ ಗೊತ್ತಿತ್ತು. ಹೀಗೆ ಮೇಲಿನ ಪದರ ಸುಮಾರು ಕ್ರಿ.ಶ. 1ನೇ ಶತಮಾನದ್ದು ಅಂತ ತಿಳೀತು.

ಕೊಡಲಿ ಕಾಲ ಕ್ರಿ.ಪೂ. 1000 ಇರಬಹುದು ಅಂದುಕೊಂಡರು. ಆಮೇಲೆ ಬಂದ ಕಾರ್ಬನ್ ಪರೀಕ್ಷೆಯಿಂದ ಅಂಥ ಕೊಡಲಿಗಳು ಕ್ರಿ.ಪೂ. 2000ಕ್ಕೂ ಮುಂಚೆಯೇ ಇದ್ದವು ಅಂತ ಗೊತ್ತಾಯಿತು. ಪದರಗಳ ಕ್ರಮ ಮಾತ್ರ ಹಾಗೇ ಉಳೀತು. ಅವರು 1976ರಲ್ಲಿ ನಿಧನರಾದರು.

ಗೆಳೆಯರೇ, ಹಳೇ ಚೂರು ಕಂಡರೆ ಕೀಳಬೇಡಿ, ಮೇಷ್ಟ್ರಿಗೆ ಹೇಳಿ. ಜಾಗ ತಪ್ಪಿದರೆ ಅದರ ಕಾಲ ಹೇಳೋದು ಕಷ್ಟ.