ಎಣ್ಣಿ ಲೆಕ್ಕ ಹಿಡಿದವ ರೊಕ್ಕದ ಲೆಕ್ಕ ತಪ್ಪಿದ

ಪಾರಿಶ್ವಾಡ: ಕಬ್ಬಿನ ಹಂಗಾಮು ಬಂತೆಂದರೆ ಖಾನಾಪುರ ತಾಲೂಕಿನ ಈ ಭಾಗದಲ್ಲಿ ಹಗಲು ರಾತ್ರಿ ಲಾರಿ, ಟ್ರ್ಯಾಕ್ಟರುಗಳದ್ದೇ ಸದ್ದು. ಚಹಾದಂಗಡಿ ಮುಂದೆ ನಿಂತ ಡ್ರೈವರುಗಳ ಮಾತು ಎಲ್ಲಿಂದ ಶುರುವಾದರೂ ಕಡೆಗೆ ಬಂದು ಮುಟ್ಟುವುದು ಒಂದಕ್ಕೇ: ಗಾಡಿ ಲೀಟರಿಗೆ ಎಷ್ಟು ಕೊಡ್ತೈತಿ? ದಿನಕ್ಕೆ ನೂರು ಸಲ ಡೀಸೆಲ್ ಅನ್ನುವ ಬಾಯಿಗೆ ಅದು ಒಬ್ಬ ಮನುಷ್ಯನ ಹೆಸರು ಅನ್ನೋದು ಮಾತ್ರ ಮರೆತೇ ಹೋಗಿದೆ. ಆ ಮನುಷ್ಯ ಜೀವಮಾನವಿಡೀ ತಲೆ ಕೆಡಿಸಿಕೊಂಡಿದ್ದೂ ಇದೇ ಪ್ರಶ್ನೆಗೆ. ಸುಟ್ಟ ಎಣ್ಣೆಯಲ್ಲಿ ದುಡಿದದ್ದೆಷ್ಟು, ಹೊಗೆಯಾಗಿ ಹೋದದ್ದೆಷ್ಟು?

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ಪಟ್ಟಣದಲ್ಲಿ. ತಂದೆ-ತಾಯಿ ಜರ್ಮನಿಯ ಬವೇರಿಯಾ ಕಡೆಯವರು. ತಂದೆ ಪುಸ್ತಕಕ್ಕೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕೆಲಸಗಾರ. ತಯಾರಾದ ಮಾಲನ್ನು ಕೈಗಾಡಿಯಲ್ಲಿ ನೂಕಿಕೊಂಡು ಹೋಗಿ ಗಿರಾಕಿಗಳಿಗೆ ಮುಟ್ಟಿಸುವುದು ಹುಡುಗನ ಪಾಲಿನ ಕೆಲಸ. 1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹತ್ತಿತು. ಮನೆಮಂದಿಯೆಲ್ಲ ಪ್ಯಾರಿಸ್ ಬಿಟ್ಟು ಲಂಡನ್ನಿಗೆ ಓಡಬೇಕಾಯಿತು. ಹನ್ನೆರಡು ವರ್ಷದ ಹುಡುಗನನ್ನು ಔಗ್ಸ್‌ಬರ್ಗ್ ಊರಿನ ಚಿಕ್ಕಪ್ಪನ ಮನೆಗೆ ಸಾಗಹಾಕಿದರು. ಆ ಚಿಕ್ಕಪ್ಪ ಲೆಕ್ಕದ ಮಾಸ್ತರ. ಹುಡುಗನ ನಸೀಬು ತಿರುಗಿದ್ದು ಅಲ್ಲಿಯೇ.

ಮುಂದೆ ಸ್ಕಾಲರ್‌ಶಿಪ್ ಮೇಲೆ ಮ್ಯೂನಿಕ್ ಪಟ್ಟಣದ ತಾಂತ್ರಿಕ ಕಾಲೇಜು ಸೇರಿದ. ಅಲ್ಲಿ ಪಾಠ ಹೇಳುತ್ತಿದ್ದವರು ಬರ್ಫದ ಯಂತ್ರಕ್ಕೆ ಹೆಸರಾದ ಕಾರ್ಲ್ ಲಿಂಡೆ. ಉಗಿ ಎಂಜಿನ್ನಿನೊಳಗೆ ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲೂ ಕೆಲಸಕ್ಕೆ ಬರುವುದಿಲ್ಲ ಎಂದು ಅವರು ಹೇಳಿದ ಮಾತು ಈತನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು. ನಡುವೆ ಟೈಫಾಯಿಡ್ ಬಂದು ಪರೀಕ್ಷೆ ತಪ್ಪಿತು. ಆದರೂ 1880ರಲ್ಲಿ ಅತಿ ಹೆಚ್ಚು ಅಂಕ ತೆಗೆದು ಪಾಸಾದ. ಲಿಂಡೆಯವರ ಬರ್ಫದ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿತು, 1883ರಲ್ಲಿ ಮದುವೆಯಾಯಿತು, ಮೂರು ಮಕ್ಕಳಾದವು. ನೌಕರಿ ಮುಗಿಸಿ ಬಂದ ಮೇಲೆ ಸ್ವಂತ ಎಂಜಿನ್ನಿನ ಹುಚ್ಚು. ಅಮೋನಿಯಾ ಆವಿಯ ಮೇಲೆ ನಡೆಸಿದ ಒಂದು ಪ್ರಯೋಗ ಸಿಡಿದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಹುಚ್ಚು ಮಾತ್ರ ಇಳಿಯಲಿಲ್ಲ.

ಸೈಕಲ್ ಪಂಪಿನ ಗುಟ್ಟು

ಸೈಕಲ್ಲಿಗೆ ಜೋರಾಗಿ ಗಾಳಿ ಹೊಡೆದರೆ ಪಂಪಿನ ತಳ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ. ಡೀಸೆಲ್ ಹಿಡಿದದ್ದು ಇದೇ ಎಳೆಯನ್ನು. ಸಿಲಿಂಡರಿನ ಗಾಳಿಯನ್ನು ಸಾಕಷ್ಟು ಒತ್ತಿಬಿಟ್ಟರೆ, ಒಳಗೆ ಬಿಟ್ಟ ಎಣ್ಣೆ ಕಿಡಿ ಇಲ್ಲದೆಯೇ ಹೊತ್ತಿಕೊಳ್ಳಬೇಕು ಎಂದು ಲೆಕ್ಕ ಹಾಕಿದ. 1892ರಲ್ಲಿ ಅರ್ಜಿ ಹಾಕಿ 1893ರಲ್ಲಿ ಪೇಟೆಂಟ್ ಪಡೆದ. ಔಗ್ಸ್‌ಬರ್ಗಿನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಕಂಪನಿ ರೊಕ್ಕ ಹಾಕಲು ಮುಂದೆ ಬಂದವು.

ಸೈಕಲ್ಲಿನ ಮಾತು ಬಂತಲ್ಲ, ಅದೇ ಕಾಲಕ್ಕೆ ನಮ್ಮ ಬೆಳಗಾವಿಯಲ್ಲೂ ಒಂದು ಸೈಕಲ್ ಅಂಗಡಿ ಇತ್ತು. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಅಣ್ಣನ ಜೋಡಿ 1888ರಲ್ಲಿ ಹಾಕಿದ ಅಂಗಡಿ ಅದು. ಅದೇ ಮನೆತನ 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ ಕಂಪನಿ ತೆರೆಯಿತು.

ಔಗ್ಸ್‌ಬರ್ಗಿನಲ್ಲಿ ಮೊದಲ ಪ್ರಯೋಗ ನಡೆದದ್ದು 1893ರ ಆಗಸ್ಟ್ 10ರಂದು. ಎಣ್ಣೆ ಹೊತ್ತಿತು, ಖರೇ. ಆದರೆ ಒತ್ತಡ ಅಳೆಯುವ ಮಾಪಕವೇ ಸಿಡಿದು ಚೂರಾಯಿತು. 1894ರ ಫೆಬ್ರುವರಿ 17ರಂದು ಎಂಜಿನ್ ತನ್ನ ಬಲದ ಮೇಲೆ ತಾನೇ ತಿರುಗಿದ್ದು ಬರೇ ಒಂದು ನಿಮಿಷ. ಅಲ್ಲಿಂದ ಮತ್ತೆ ಮೂರು ವರ್ಷ ಹೆಣಗಾಟ. ಎಣ್ಣೆಯನ್ನು ಎಷ್ಟು ಬಿಡಬೇಕು, ಹೆಂಗ ಬಿಡಬೇಕು, ಯಾವ ಗಳಿಗೆಗೆ ಬಿಡಬೇಕು ಅನ್ನುವುದೇ ದೊಡ್ಡ ಗಂಟು. 1897ರ ಫೆಬ್ರುವರಿ 17ರಂದು ಪ್ರೊಫೆಸರ್ ಶ್ರೋಟರ್ ಬಂದು ಅಧಿಕೃತ ಪರೀಕ್ಷೆ ಮಾಡಿದರು. ಎಣ್ಣೆಯ ಶಾಖದಲ್ಲಿ ನೂರಕ್ಕೆ 26 ಪಾಲು ಕೆಲಸಕ್ಕೆ ಬಂದಿತ್ತು. ಉಗಿ ಎಂಜಿನ್ ಅಲ್ಲಿಗೆ ಸೋತಿತು.

ಆದರೆ ಒಂದು ಕೊರತೆ ಉಳಿಯಿತು. ಎಣ್ಣೆಯನ್ನು ಒಳಗೆ ಊದಲು ಒತ್ತಿದ ಗಾಳಿ ಬೇಕಿತ್ತು, ಆ ಗಾಳಿಗೆ ಭಾರದ ಕಂಪ್ರೆಸರ್ ಬೇಕಿತ್ತು. ಕಾರ್ಖಾನೆಗೆ, ಹಡಗಿಗೆ ಅದು ನಡೆಯಿತು. ಲಾರಿಗೆ ನಡೆಯಲಿಲ್ಲ.

ಹಡಗು ಹತ್ತಿದವ ಇಳಿಯಲಿಲ್ಲ

ಪೇಟೆಂಟ್ ಮಾರಿ ಡೀಸೆಲ್ ಲಕ್ಷಾಧೀಶನಾದ. ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಕಟ್ಟಿಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆತನ ಎಂಜಿನ್ನಿಗೆ ದೊಡ್ಡ ಬಹುಮಾನ ಬಂತು. ಅದೇ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯ ಮೇಲೆ ಓಡಿತು.

ಹೊರಗೆ ಹೆಸರು, ಒಳಗೆ ಹುಳುಕು. ಪೇಟೆಂಟಿನ ತಂಟೆ, ಕೋರ್ಟು ಕಚೇರಿ, ಮೇಲಿಂದ ಮೇಲೆ ತಲೆನೋವು. ಜಾಗ, ಷೇರು ಅಂತ ಹಾಕಿದ ರೊಕ್ಕವೆಲ್ಲ ಮುಳುಗಿತು. ಎಣ್ಣೆಯ ಹನಿ ಹನಿಗೂ ಲೆಕ್ಕ ಇಟ್ಟವನಿಗೆ ಕೈಯಲ್ಲಿದ್ದ ರೊಕ್ಕದ ಲೆಕ್ಕ ಹಿಡಿಯಲಾಗಲಿಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಆಂಟ್ವರ್ಪ್ ಬಂದರಿನಲ್ಲಿ ಡ್ರೆಸ್ಡನ್ ಎಂಬ ಹಡಗು ಹತ್ತಿದ. ಇಂಗ್ಲೆಂಡಿಗೆ ಹೋಗಬೇಕಿತ್ತು. ರಾತ್ರಿ ಊಟ ಮಾಡಿ ಹತ್ತರ ಸುಮಾರಿಗೆ ಕೋಣೆಗೆ ಹೋದ. ಮುಂಜಾನೆ ನೋಡಿದರೆ ಹಾಸಿಗೆಯಲ್ಲಿ ಮಲಗಿದ ಗುರುತೇ ಇಲ್ಲ. ಹತ್ತು-ಹನ್ನೊಂದು ದಿನದ ಮೇಲೆ ಡಚ್ ದೋಣಿಯವರಿಗೆ ಸಮುದ್ರದಲ್ಲಿ ಹೆಣ ಸಿಕ್ಕಿತು. ಜೇಬಿನ ಸಾಮಾನು ತೆಗೆದುಕೊಂಡು ಹೆಣವನ್ನು ನೀರಿಗೇ ಬಿಟ್ಟರು. ಆ ಸಾಮಾನು ಅಪ್ಪನದೇ ಎಂದು ಮಗ ಗುರುತಿಸಿದ. ಆಗ ವಯಸ್ಸು 55. ಮನೆಯಲ್ಲಿ ಹೆಂಡತಿಗೆ ಕೊಟ್ಟು ಹೋಗಿದ್ದ ಚೀಲದಲ್ಲಿ 20,000 ಮಾರ್ಕ್ ನಗದು, ಜೊತೆಗೆ ಬ್ಯಾಂಕ್ ಖಾತೆಗಳು ಬರಿದಾದ ಕಾಗದ. ಕೊಲೆ ಎಂದು ಗಾಳಿಸುದ್ದಿ ಹಬ್ಬಿದರೂ, ಸಾಲದ ಬಾಧೆಗೆ ತಾನೇ ಹಾರಿಕೊಂಡ ಅನ್ನುವವರೇ ಹೆಚ್ಚು.

ತನ್ನ ಹೆಸರಿನ ಎಂಜಿನ್ ಲಾರಿ ಎಳೆಯುವುದನ್ನು ಆತ ಕಾಣಲಿಲ್ಲ. 1924ರ ಸುಮಾರಿಗೆ ಜರ್ಮನಿಯಲ್ಲಿ ಡೀಸೆಲ್ ಲಾರಿಗಳು ಬಂದವು. 1927ರಲ್ಲಿ ಬಾಷ್ ಕಂಪನಿ ಎಣ್ಣೆಯನ್ನೇ ಒತ್ತಿ ಚಿಮ್ಮಿಸುವ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಕಂಪ್ರೆಸರಿನ ಭಾರ ಕಳಚಿತು. ಅದೇ ಬಾಷ್ ಕೂಡಿಕೊಂಡು 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಮೈಕೊ. ನಮ್ಮ ಮಿಸ್ತ್ರಿಗಳ ಬಾಯಲ್ಲಿ ಮೈಕೊ ಪಂಪ್, ಮೈಕೊ ನಾಜಲ್ ಅಂತ ಹೆಸರು ನಿಂತದ್ದು ಹಂಗ.

ಒಂದು ಡಿಗ್ರಿಯ ಬೆಲೆ

ಡೀಸೆಲ್ ಬಿಡಿಸಲು ಹೆಣಗಿದ ಗಂಟು ಇವತ್ತಿಗೂ ಅದೇ: ಎಣ್ಣೆ ಯಾವ ಗಳಿಗೆಗೆ ಬೀಳಬೇಕು. ಪಿಸ್ಟನ್ ತುದಿ ಮುಟ್ಟುವ ತುಸು ಮೊದಲೇ ನಾಜಲ್ ಎಣ್ಣೆ ಚಿಮ್ಮಬೇಕು. ಯಾಕಂದ್ರ ಬಿದ್ದ ಎಣ್ಣೆ ಆವಿಯಾಗಿ ಹೊತ್ತಲು ಕ್ಷಣದಷ್ಟು ಹೊತ್ತು ಬೇಕು. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಕ್ರ್ಯಾಂಕಿನ ಒಂದು ಡಿಗ್ರಿ ಅಂದರೆ ಸೆಕೆಂಡಿನ 12,000ದಲ್ಲಿ ಒಂದು ಪಾಲು. ಲಾಭ ನಷ್ಟ ನಿಂತಿರುವುದು ಅಷ್ಟರಲ್ಲಿ.

ಎಣ್ಣೆ ತಡವಾಗಿ ಬಿದ್ದರೆ ಪಿಸ್ಟನ್ ಇಳಿಯುತ್ತಿರುವಾಗ ಉರಿಯುತ್ತದೆ. ದುಡಿಯಬೇಕಾದ ಶಾಖ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಗಾಡಿ ಎಳೆಯುವುದಿಲ್ಲ, ಚೋರ್ಲಾ ಘಾಟ್ ಏರುವಾಗ ಹೊಗೆ ಬಿಡುತ್ತದೆ, ಎಂಜಿನ್ ಕಾಯುತ್ತದೆ, ಡ್ರೈವರ್ ಮತ್ತಷ್ಟು ಎಕ್ಸಲೇಟರ್ ತುಳಿಯುತ್ತಾನೆ. ಎಣ್ಣೆ ಅತಿ ಬೇಗ ಬಿದ್ದರೂ ಕೇಡೇ. ಮೇಲೆ ಬರುವ ಪಿಸ್ಟನ್ನಿನ ತಲೆಗೆ ಹೊಡೆತ ಬಿದ್ದು ಎಂಜಿನ್ ಕಟಕಟ ಬಡಿಯುತ್ತದೆ. ಬೇರಿಂಗ್, ಹೆಡ್ ಗ್ಯಾಸ್ಕೆಟ್ ಸೋಲುತ್ತವೆ.

ಪಂಪಿನ ಕಪ್ಲಿಂಗ್ ಬೋಲ್ಟು ಸಡಿಲಾದರೆ, ಗೇರು ಸವೆದರೆ, ನಾಜಲ್ ಸ್ಪ್ರಿಂಗ್ ಸೋತರೆ ಟೈಮಿಂಗ್ ತಾನಾಗಿಯೇ ಸರಿಯುತ್ತದೆ. ಲೆಕ್ಕಕ್ಕ ಹಿಡಿಯಿರಿ: ಲೀಟರಿಗೆ 4 ಕಿ.ಮೀ. ಕೊಡುವ ಲಾರಿ ತಿಂಗಳಿಗೆ 6,000 ಕಿ.ಮೀ. ಓಡಿದರೆ 1,500 ಲೀಟರ್ ಬೇಕು. ಆವರೇಜ್ ಮೂರೂ ಮುಕ್ಕಾಲಿಗೆ, ಅಂದರೆ 3.75ಕ್ಕೆ ಇಳಿದರೆ 1,600 ಲೀಟರ್. ನೂರು ಲೀಟರ್ ಹೊಗೆಯಾಗಿ ಹೋಯಿತು. ಸಾಲದ ಕಂತು ಕಟ್ಟುವ ಒಂದೇ ಗಾಡಿಯ ಮಾಲೀಕನಿಗೆ ಅದು ಸಣ್ಣ ಗಂಟಲ್ಲ. ಆವರೇಜ್ ಇಳಿಯಲು ಏರ್ ಫಿಲ್ಟರ್, ಟೈರಿನ ಗಾಳಿ, ಓವರ್‌ಲೋಡ್ ಕೂಡ ಕಾರಣ. ಅವನ್ನು ನೋಡಿದ ಮೇಲೂ ಇಳಿದೇ ಇದ್ದರೆ ಪಂಪ್ ಮಿಸ್ತ್ರಿಯ ಬಾಗಿಲು ತಟ್ಟಬೇಕು. ಕಿವಿಗೆ ಕೇಳಿದ ಸದ್ದಿನ ಮೇಲೆ ಅಂದಾಜಿಗೆ ಟೈಮಿಂಗ್ ಕೊಡುವುದಲ್ಲ, ಕಂಪನಿ ಕೊಟ್ಟ ಡಿಗ್ರಿಗೆ ಗುರುತು ಕೂಡಿಸಬೇಕು.

ಹೊಸ ಲಾರಿಗಳಲ್ಲಿ ಈ ಕೆಲಸ ಕಂಪ್ಯೂಟರಿನದು. ತಡವಾಗಿ ಚಿಮ್ಮಿಸಿದರೆ ನೈಟ್ರೋಜನ್ನಿನ ವಿಷದ ಹೊಗೆ ಕಡಿಮೆ, ಎಣ್ಣೆ ಖರ್ಚು ಹೆಚ್ಚು. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಲಾರಿಗಳಿಗೆ ಯೂರಿಯಾ ನೀರು ಹಾಕುವುದು ಅದಕ್ಕೇ. ಆ ವಿಷವನ್ನು ಸೈಲೆನ್ಸರಿನ ದಾರಿಯಲ್ಲೇ ಕೊಂದರೆ, ಎಂಜಿನ್ ಒಳಗೆ ಟೈಮಿಂಗನ್ನು ಎಣ್ಣೆ ಉಳಿಯುವ ಕಡೆಗೆ ಇಡಬಹುದು.

ಇಷ್ಟಾದರೂ ಹಳೆ ಪಂಪಿನ ಗಾಡಿಗಳು ಹಳ್ಳಿಯ ರಸ್ತೆ ಮೇಲೆ ಇನ್ನೂ ದುಡಿಯುತ್ತಿವೆ. ಡೀಸೆಲ್ ತನ್ನ ರೊಕ್ಕವನ್ನು ಹೊತ್ತಿಗೆ ಸರಿಯಾಗಿ ನೋಡಿಕೊಳ್ಳಲಿಲ್ಲ, ಸಮುದ್ರದ ಪಾಲಾದ. ಆತನ ಹೆಸರು ಹೊತ್ತ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಸುಟ್ಟರೆ ಮಾಲೀಕನ ಮನೆಯಾದರೂ ಉಳಿದೀತು.